ಅವ್ವ ಅಡುಗೆಗೆ ಹೋಗದ ಹನ್ನೊಂದು ದಿನ

ಹೋದ ತಿಂಗಳು ಕೊರಟಗೆರೆಯಲ್ಲಿ ಮದುವೆಯೊಂದರಲ್ಲಿ ಉಂಡು, ಕೈ ತೊಳೆಯಲು ಛತ್ರದ ಹಿಂದಕ್ಕೆ ಹೋದೆ. ಹಿಂದಿನ ದಿನ ಮಿಕ್ಕಿದ ಸಾಂಬಾರನ್ನು ಮಣ್ಣಿಗೆ ಸುರಿದಿದ್ದರು. ಬಿಸಿಲಿಗೆ ನೊರೆ ಬಂದ ಬೇಳೆ, ಕೊಳೆತ ಸೊಪ್ಪು, ಮೇಲೆಲ್ಲ ನೊಣ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ಉಂಡದ್ದೆಲ್ಲ ಕಕ್ಕಿಬಿಟ್ಟೆ. ಜೊತೆಗಿದ್ದವರು ಪಿತ್ತ ಅಂದರು. ಪಿತ್ತವಲ್ಲ, ಇಪ್ಪತ್ತು ವರ್ಷದ ಹಿಂದಿನ ಹೇಸಿಗೆ ಅದು.

ಪುರವರದ ಆಚೆಯ ನಮ್ಮೂರಿನ ಕಾಲೊನಿಯಲ್ಲಿ ನಾವು ಮೂವರೇ ಇದ್ದೆವು: ತಾತ, ಅವ್ವ, ನಾನು. ಅಪ್ಪ ತೀರಿಕೊಂಡಿದ್ದ. ಬುದ್ಧನನ್ನು ನಂಬಿದ್ದ ತಾತ ಸಂಜೆಯಾದರೆ ಬುದ್ಧನ ಮಾತುಗಳ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು ಜೋರಾಗಿ ಓದುತ್ತಿದ್ದ. ಅದೇ ಹೊತ್ತಿಗೆ ಅವ್ವನ ರೇಡಿಯೋದಲ್ಲಿ ಸಿನಿಮಾ ಹಾಡು. ಪೋಲಿ ಹಾಡೆಂದು ತಾತ ಗೊಣಗಿದರೆ ಅವ್ವ ಇನ್ನಷ್ಟು ದೊಡ್ಡದು ಮಾಡುತ್ತಿದ್ದಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಶಾಲೆಯ ಬಿಸಿಯೂಟದ ಕೆಲಸ ಸಿಕ್ಕಿತು. ಮೊದಲ ದಿನ ಹೊಸ ಸೀರೆ ಉಟ್ಟು ಹೋದಳು. ಮಧ್ಯಾಹ್ನ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ತಂದ ಡಬ್ಬಿ ತೆಗೆದರು. ಅವ್ವನ ಅಡುಗೆ ಉಣ್ಣಬೇಡಿ ಎಂದು ಅವರ ಮನೆಗಳಲ್ಲಿ ಹೇಳಿ ಕಳಿಸಿದ್ದರು. ಅವ್ವ ಕೂಲಿಗೆ ಹೋಗಿ ಕಿತ್ತ ಕಡಲೆಕಾಯಿ ಆ ಮನೆಗಳಿಗೆ ಆಗುತ್ತಿತ್ತು, ಅವಳು ಬೇಯಿಸಿದ ಬೇಳೆ ಮಾತ್ರ ಆಗುತ್ತಿರಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಕೂತರು. ಸೌಟು ಹಿಡಿದು ಅವ್ವ ನನ್ನ ಮುಂದೆ ನಿಂತಾಗ, ಪಕ್ಕದಲ್ಲಿ ಡಬ್ಬಿ ತೆರೆದು ಕೂತಿದ್ದ ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹಸಿವಿಲ್ಲ ಅಂದುಬಿಟ್ಟೆ. ಅವ್ವ ಮುಂದಕ್ಕೆ ಹೋದಳು. ಆಮೇಲೆ ಹಂಡೆಗಟ್ಟಲೆ ಸಾಂಬಾರನ್ನು ಶಾಲೆಯ ಹಿಂದಿನ ಗುಂಡಿಗೆ ಸುರಿದರು. ವಾರವಿಡೀ ಅದು ನಮ್ಮ ಕ್ಲಾಸಿನ ತನಕ ನಾತ ಹೊಡೆಯಿತು.

ಅವ್ವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮಾರನೆಯ ದಿನದಿಂದ ಅಡುಗೆಗೆ ಹೋಗಲಿಲ್ಲ. ಮಧ್ಯೆ ಮಧ್ಯೆ ಎದ್ದು ಸೋಪು ಹಾಕಿ ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುತ್ತಿದ್ದಳು. ಅದನ್ನು ನೋಡುವಾಗ ನನಗೆ ಊರಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ನಾಲಗೆಯ ಮೇಲೆ ಹೇಸಿಗೆಯಾಗುತ್ತಿತ್ತು. ಹನ್ನೊಂದನೇ ದಿನ ಸಂಜೆ ತಾತ ಅಂಗಡಿಗೆ ಹೋಗಿ ಹೊಸ ಸೆಲ್ ತಂದು ರೇಡಿಯೋಗೆ ಹಾಕಿದ. ಯಾವುದೋ ಹಳೇ ಪ್ರೇಮಗೀತೆ ಬಂತು. ತಾತ ಅದಕ್ಕೆ ರಾಗ ತಪ್ಪಿ ದನಿ ಸೇರಿಸಿದ. ಆವತ್ತೇ ಮೊದಲ ಸಲ ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಹಾಡು ಮುಗಿದ ಮೇಲೆ ತಾತ ಪುಸ್ತಕ ತೆಗೆದು, ಬುದ್ಧ ಬಟ್ಟಲು ಹಿಡಿದು ಮನೆಮನೆಗೆ ಹೋದ ಪುಟ ಓದಿದ.

ಅವ್ವ ತಿರುಗಿ ಎದ್ದು ಕೂತಳು. “ಯಾರ್ ಮನೇದು ಅಂತ ಕೇಳ್ದೆ ಉಂಡ್ನಾ ಮಾವ?”

“ಕೇಳ್ಲಿಲ್ಲ ಕಣಮ್ಮ. ಬಟ್ಲಿಗೆ ಆಕಿದ್ದು ಉಂಡ.”

“ಅಂಗಾರೆ ನನ್ ಕೈದೂ ಉಣ್ತಿದ್ದ.”

“ಉಂಡು ಇನ್ನೊಂದ್ ಸೌಟು ಕೇಳ್ತಿದ್ದ.”

ಅವ್ವ ಒಲೆ ಹಚ್ಚಿದಳು. ನಾನು ಹತ್ತಿರ ಹೋಗಿ, ಆವತ್ತು ನನಗೆ ಹಸಿವಾಗಿತ್ತು ಅಂದೆ. “ಗೊತ್ತು ಬುಡು” ಅಂದಳು. “ನಿನ್ ಹೊಟ್ಟೆ ಸದ್ದು ನಂಗೆ ಕೇಳುಸ್ತಿತ್ತು.” ಮಾರನೆಯ ದಿನ ಅವಳು ಅದೇ ಹಾಡು ಗುನುಗುತ್ತ ಶಾಲೆಗೆ ನಡೆದಳು. ಎಲ್ಲರ ಎದುರು ನಾನು ಎರಡು ಸಲ ಬಡಿಸಿಕೊಂಡೆ. ಹದಿನಾಲ್ಕು ವರ್ಷ ಅವ್ವ ಅಲ್ಲೇ ಬೇಯಿಸಿದಳು. ಕೆಲವರು ನಿಧಾನವಾಗಿ ಪಂಕ್ತಿಗೆ ಬಂದರು, ಕೆಲವರು ಕೊನೆಗೂ ಬರಲಿಲ್ಲ.

ಈಗ ತಾತನೂ ಇಲ್ಲ, ಅವ್ವನೂ ಇಲ್ಲ. ಈಚೆಗೆ ಊರಿಗೆ ಹೋಗಿದ್ದಾಗ, ಅಂದು ಮಗಳಿಗೆ ಡಬ್ಬಿ ಕಟ್ಟಿದ್ದ ಹೆಂಗಸು ಜಗುಲಿಯಿಂದ ಕರೆದು, ನಿಮ್ಮವ್ವನ ಸಾರಿನ ರುಚಿಯನ್ನು ನಮ್ಮ ಹುಡುಗರು ಈಗಲೂ ನೆನೆಯುತ್ತಾರೆ ಅಂದಳು. ಮೈ ಉರಿಯಿತು. ನೇರ ಕಾಲೊನಿಗೆ ಹೋದೆ. ನಮ್ಮ ಮನೆಯ ಗೋಡೆಗಳು ಮಣ್ಣಾಗಿ ಸೀಮೆಜಾಲಿ ಬೆಳೆದಿತ್ತು. ಅವ್ವ ಒಲೆ ಹಚ್ಚುತ್ತಿದ್ದ ಮೂಲೆ ಯಾವುದೆಂದು ಮುಳ್ಳಿನ ನಡುವೆ ಬಹಳ ಹೊತ್ತು ಹುಡುಕಿದೆ. ಗೊತ್ತಾಗಲಿಲ್ಲ.