ಕೊರಳಿನ ಹಲಗೆ

ಇಸ್ತ್ರಿಯ ಬಿಸಿಗೆ, ಮಗಳು ಕೊರಳಿಗೆ ಹಾಕುವ ಶಾಲೆಯ ಗುರುತಿನ ಕಾರ್ಡಿನ ದಾರ ತುಸು ಕಮರಿತು. ಅದನ್ನು ಹಿಡಿದು ಭಾಲ್ಕಿಯ ಈ ಮನೆಯಲ್ಲಿ ನಿಂತವಳಿಗೆ, ಬೀದರಿನ ಕಾನ್ವೆಂಟಿನ ಸಿಸ್ಟರ್ ನೆನಪಾದರು...

ಐರ್ಲೆಂಡಿನಿಂದ ಬಂದವರು. ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಸಂಜೆ ವರಾಂಡದಲ್ಲಿ ಕೂತು ನಮ್ಮ ಯೂನಿಫಾರ್ಮಿಗೆ ಗುಂಡಿ ಹಚ್ಚುವಾಗ ಮಾತ್ರ ತಮ್ಮ ಅಜ್ಜಿಯ ಐರಿಷ್ ಭಾಷೆಯಲ್ಲಿ ಪದ್ಯ ಗುನುಗುತ್ತಿದ್ದರು. ಪದ್ಯ ಮುಗಿಯುವ ತನಕ ದಾರ ಕತ್ತರಿಸುತ್ತಿರಲಿಲ್ಲ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಔರಾದ್ ಕಡೆಯ ಆಯಾ ಅರ್ಥ ಕೇಳುತ್ತಿದ್ದಳು.

“ಗುಲಾಮಗಿರಿ ಪದ್ಯ,” ಎನ್ನುತ್ತಿದ್ದರು ಸಿಸ್ಟರ್, ಅವಳಿಂದಲೇ ಕಲಿತ ಕನ್ನಡದಲ್ಲಿ.

“ನಿನ್ನಿ ಹಾಡಿದ್ದು?”

“ಅದೂ ಅದೇ.”

“ನಮ್ಮಪ್ಪ ಜೀತಕ್ಕಿದ್ದನ್ರಿ. ಆದ್ರೂ ನಮ್ಮ ಹಾಡಿನಾಗ ಮದಿವಿ ಬರ್ತಾವ. ನಿಮ್ಮ ಕವಿಗಳಿಗಿ ಮದಿವಿ ಆಗಿರಲಿಲ್ಲೇನ್ರಿ?”

ಸಿಸ್ಟರ್ ನಕ್ಕರು. ಪ್ರೀತಿಯ ಪದ್ಯಗಳೂ ಇವೆಯಂತೆ. ಅಜ್ಜಿ ಕಲಿಸಿದ್ದು ಮಾತ್ರ ಈ ಗುಲಾಮಗಿರಿಯವನ್ನು. ಇವುಗಳಲ್ಲಿ ನಾಡು ಒಬ್ಬ ಹೆಣ್ಣಾಗಿ ಬಂದು ತನ್ನ ಪಾಡು ಹೇಳಿಕೊಳ್ಳುತ್ತಾಳೆ. ಪರದೇಶದ ಧಣಿ ಅವಳ ಹೊಲ ಕಸಿದ, ಮನೆ ಕಸಿದ... ಕೊನೆಗೆ ಮಾತನ್ನೂ.

ನಮ್ಮ ಕಾನ್ವೆಂಟಿನಲ್ಲಿ ಆಗ ಒಂದು ಕಾಯಿದೆ ಇತ್ತು. ಕನ್ನಡವೋ ಉರ್ದುವೋ ಮಕ್ಕಳ ಬಾಯಿಂದ ಬಂದರೆ ಸಂಜೆಯ ಗಂಟೆಯವರೆಗೆ ಕೊರಳಲ್ಲಿ ಮರದ ಹಲಗೆ. ಅದನ್ನು ಹಾಕುವ ಕೆಲಸ ಈ ಸಿಸ್ಟರದ್ದೇ. ಒಂದು ದಿನ ಮೆಟ್ಟಿಲಲ್ಲಿ ಬಿದ್ದು “ಅವ್ವಾ” ಎಂದುಬಿಟ್ಟೆ. ಅವರು ನನ್ನ ಮೊಣಕಾಲಿಗೆ ಔಷಧ ಹಚ್ಚಿ, ಊದಿ, ಆಮೇಲೆ ಹಲಗೆ ಹಾಕಿದರು.

ಕಸ ಹೊಡೆಯುತ್ತಿದ್ದ ಆಯಾ ಕೈ ನಿಲ್ಲಿಸಿದಳು. “ನಿಮ್ಮ ಪದ್ಯದಾಗಿನ ಧಣಿನೂ ಹಿಂಗೇ ಹಾಕ್ತಿದ್ದನೇನ್ರಿ ಸಿಸ್ಟರ್?”

ಸಿಸ್ಟರ್ ಔಷಧದ ಬಾಟಲಿಗೆ ಮುಚ್ಚಳ ಹಾಕಿದರು.

“ನಮ್ಮ ಅಜ್ಜಿಗಿ ಹಾಕಿದ್ರು,” ಎಂದರು. “ಸಾಲ್ಯಾಗ. ಕೊರಳಿಗಿ ಒಂದು ಕೋಲು. ಈ ಪದ್ಯದ ಮಾತು ಆಡಿದ್ದಕ್ಕ.”

ನನ್ನ ಕೊರಳಿಂದ ಹಲಗೆ ತೆಗೆದು ತಮ್ಮ ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಂಡರು. ದೊಡ್ಡ ಸಿಸ್ಟರ್ ಕೇಳಿದಾಗಲೂ ಕೊಡಲಿಲ್ಲ. ಕಾಯಿದೆ ಒಪ್ಪದವರು ಇಲ್ಲಿ ಇರುವಂತಿಲ್ಲ ಎಂದರಂತೆ ಅವರು. ಬೇಸಿಗೆ ರಜೆ ಮುಗಿಸಿ ಬಂದಾಗ ವರಾಂಡದಲ್ಲಿ ಸಿಸ್ಟರೂ ಅವರ ಕುರ್ಚಿಯೂ ಇರಲಿಲ್ಲ. ಹೊಸ ಹಲಗೆ ಇತ್ತು.

ಸಿಸ್ಟರ್ ತಮ್ಮ ದೇಶದಲ್ಲಿ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಆ ಪದ್ಯಗಳ ಒಂದು ಸಾಲೂ ನನಗೆ ಬಾರದು. ಪದ್ಯ ಮುಗಿದಾಗ ಸೂಜಿ ಎಲ್ಲಿ ನಿಲ್ಲುತ್ತಿತ್ತು ಎಂಬುದಷ್ಟೇ ಗೊತ್ತು...

“ಅವ್ವಾ, ಬಸ್ ಬಂತು, ಲಗೂ ಕೊಡು,” ಎಂದಳು ಬಾಗಿಲಲ್ಲಿದ್ದ ಮಗಳು.

ಕಾರ್ಡಿನ ದಾರವನ್ನು ಅವಳ ಕೈಗೆ ಕೊಟ್ಟೆ. ಕೊರಳಿಗೆ ನಾನು ಹಾಕುವುದಿಲ್ಲ.