ಬೇಡ ಅಂದವಳಿಗೆ ಮೇಡಂ ಕೈಮುಗಿದದ್ದು

ಮೊನ್ನೆ ಗುಂಡ್ಲುಪೇಟೆಯ ಅಂಚೆ ಕಚೇರಿಯಲ್ಲಿ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ಸ್ಟಾಂಪ್ ಪ್ಯಾಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲೇ ಇಲ್ಲ. ತೊಂಬತ್ತರ ದಶಕದ ಭೀಮನಬೀಡಿನ ಜಗಲಿಯೊಂದರ ಮೇಲೆ ಮೇಡಂ ಪಕ್ಕದಲ್ಲಿ ಕೂತಿದ್ದೆ...

ಮೇಡಂ ಮೈಸೂರಿನವರು, ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದರು. ಆಪರೇಷನ್‌ಗೆ ಮುಂಚೆ ಒಪ್ಪಿಗೆ ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಾರಲ್ಲ, ಅದು ನಿಜವಾದ ಒಪ್ಪಿಗೆಯೇ ಎಂಬುದು ಅವರ ಪಿಎಚ್‌ಡಿ ವಿಷಯ. ಪುಸ್ತಕದೊಳಗಿನ ನೀತಿಶಾಸ್ತ್ರವನ್ನು ಬದುಕಿಗೆ ಹಚ್ಚಿ ನೋಡಬೇಕು ಅನ್ನುತ್ತಿದ್ದರು. ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಸಹಾಯಕ್ಕೆ ಸೇರಿಸಿಕೊಂಡರು. ನನ್ನ ಮೊದಲ ಕೆಲಸ!

"ನ್ಯಾಯ ನೀತಿ ಕಲಿಯಕ ಭೀಮನಬೀಡ್ಗಂಟ ಓಗ್ಬೇಕಾ ಕಣಮ್ಮಿ?" ಎಂದು ಅವ್ವ ನಗಾಡಿದಳು. ನಾನು ಮಾತ್ರ ಹೆಗಲಿಗೆ ಚೀಲ ಏರಿಸಿ, ದೊಡ್ಡ ಆಫೀಸರಮ್ಮನ ಗತ್ತಿನಲ್ಲಿ ಬಸ್ಸು ಹತ್ತುತ್ತಿದ್ದೆ.

ಮಕ್ಕಳು ಸಾಕೆಂಬ ಆಪರೇಷನ್ ಆದ ಹೆಂಗಸರನ್ನು ಮಾತಾಡಿಸಿ ಬರೆದುಕೊಳ್ಳುವುದು ನಮ್ಮ ಕೆಲಸ. ಅದಕ್ಕೂ ಮೊದಲು ನಮ್ಮದೇ ಒಂದು ಒಪ್ಪಿಗೆ ಫಾರಂ ಇತ್ತು. ಒಬ್ಬೊಬ್ಬರಿಗೂ ಓದಿ ಹೇಳಬೇಕು, ಅವರು ಹೂಂ ಅಂದರೆ ಮಾತ್ರ ಹೆಬ್ಬೆಟ್ಟು. ತಿಂಗಳ ಕೊನೆಗೆ ಮೇಡಂ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಆಗದಿದ್ದರೆ ಅವರ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತಿತ್ತು.

ಒಂದು ದಿನ ಅವರಿಗೆ ಜ್ವರ. ನಾನೊಬ್ಬಳೇ ಹೋದೆ. ಕೇರಿಯ ಯಜಮಾನರು ಜಗಲಿಯಲ್ಲಿ ಕೂರಿಸಿಕೊಂಡು ವಿಚಾರಿಸಿದರು.

"ಎಣ್ಮಕ್ಳು ನಾಚ್ಕತರ ಕಣವ್ವ. ನಾನೊಬ್ಬ ಒತ್ಬುಟ್ರ ಎಲ್ಲಾರೂ ಒತ್ದಂಗೆಯ. ತಾ ಇತ್ತ."

ಅವರದು ಮೋಸವಲ್ಲ. ಮದುವೆ ಮಾತುಕತೆಯಿಂದ ಹಿಡಿದು ಬೋರ್‌ವೆಲ್ ಅರ್ಜಿಯವರೆಗೆ ಕೇರಿಯ ಪರವಾಗಿ ಹೂಂ ಅನ್ನುತ್ತಿದ್ದವರು ಅವರೇ. ಟಪ್ ಟಪ್ ಎಂದು ಒತ್ತಿಕೊಟ್ಟರು. ವಾರದ ಕೆಲಸ ಅರ್ಧ ಗಂಟೆಯಲ್ಲಿ! ನನ್ನಂಥ ಜಾಣೆ ಈ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡು ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಮರುದಿನ ಮೇಡಂ ಫಾರಂಗಳನ್ನು ತಿರುವಿ ಹಾಕಿದರು. ಎಲ್ಲ ಹೆಬ್ಬೆಟ್ಟಿನ ಗುರುತಿನ ನಡುವೆಯೂ ಒಂದೇ ಹಳೇ ಗಾಯದ ಗೆರೆ.

"ಕೇರಿಗೆಲ್ಲಾ ಒಂದೇ ಹೆಬ್ಬೆರಳೇನೇ?"

ನಡೆದದ್ದನ್ನು ಹೇಳಿ, ಇನ್ನು ಕೆಲಸ ಹೋಯಿತು ಎಂದು ನಿಂತೆ. ಅವರು ಬೈಯಲಿಲ್ಲ. "ಒಪ್ಪಿಗೆ ಅಂದರೇನು ಅಂತ ಹುಡುಕಿಕೊಂಡು ಬಂದವರು, ನಾವೇ ಅದನ್ನ ಕದ್ದೆವಲ್ಲೇ" ಅಂದು ಅಷ್ಟೂ ಫಾರಂ ಹರಿದು ಹಾಕಿದರು. ಉಳಿದದ್ದು ಆರೇ ದಿನ! ಬೈದಿದ್ದರೇ ವಾಸಿಯಿತ್ತು, ಅಷ್ಟು ಸಂಕಟವಾಯಿತು ನನಗೆ.

ಮತ್ತೆ ಮೊದಲಿನಿಂದ ಹೊರಟೆವು. ಮೊದಲ ಮನೆಯಲ್ಲಿ ಹೆಂಗಸೊಬ್ಬಳು ರಾಗಿ ಕೇರುತ್ತಿದ್ದಳು. ಮೇಡಂ ನಿಧಾನವಾಗಿ ಓದಿ ಹೇಳಿ, ಇಷ್ಟವಿಲ್ಲದಿದ್ದರೆ ಬೇಡ ಅನ್ನಬಹುದು ಎಂದರು. ಅವಳು ಮೊರ ಕೆಳಗಿಟ್ಟಳು.

"ದಿಟ್ವಾಗ್ಲೂ ಬ್ಯಾಡ ಅನ್ಬೌದಾ?"

"ಅನ್ನಬಹುದು ತಾಯಿ."

"ಅಂಗಾರ ಬ್ಯಾಡ."

ಮುಗಿಯಿತು ನಮ್ಮ ಕತೆ ಅಂದುಕೊಂಡೆ. ಮೇಡಂ ಮುಖ ನೋಡಿದರೆ, ಅಬ್ಬಾ, ಏನು ಸಂಭ್ರಮ! ಎದ್ದು ನಿಂತು ಅವಳಿಗೆ ಕೈಮುಗಿದರು. ಹೊರಗೆ ಬಂದವರೇ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಸಿಕ್ಕಿತು ಕಣೇ! ಬೇಡ ಅನ್ನೋಕೇ ಆಗದವರು ಹೂಂ ಅಂದರೆ ಅದಕ್ಕೇನರ್ಥ?" ಜ್ವರ ಇನ್ನೂ ಬಿಟ್ಟಿರಲಿಲ್ಲ, ಕೈ ಸುಡುತ್ತಿತ್ತು.

ಬೇಡ ಅಂದರೂ ಈ ಮೇಡಮ್ಮೋರು ಕೋಪ ಮಾಡಿಕೊಳ್ಳುವುದಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ಸುತ್ತಿತು. ಮಾರನೆಯ ದಿನ ಹೆಂಗಸರು ತಾವಾಗಿಯೇ ಬಂದು ಕೂತರು. ಒಬ್ಬಾಕೆ ಸೆರಗಿನ ತುದಿ ಹಿಸುಕುತ್ತಾ ಅಂದಳು: "ನನ್ ಆಪ್ರೇಸನ್ ಕಾಗ್ದಕ್ಕ ನನ್ ಗಂಡ ಒತ್ದ. ಬ್ಯಾಡ ಅನ್ಬೌದು ಅಂತ ನಂಗ್ಯಾರ್ ಯೋಳಿದ್ರವ್ವ?" ನನ್ನ ಪೆನ್ನು ನಿಂತುಬಿಟ್ಟಿತು. ಎರಡು ಮೂರು ದಿನದ ಹಿಂದೆ ನಾನು ಮಾಡಿದ್ದೂ ಅದೇ ಅಲ್ಲವೇ...

ಆರನೆಯ ದಿನ ಕೊನೆಯ ಬಸ್ಸಿಗೆ ಸ್ವಲ್ಪ ಮುಂಚೆ ಕೆಲಸ ಮುಗಿಯಿತು. ಚೀಲದ ತುಂಬ ಬೇರೆ ಬೇರೆ ಹೆಬ್ಬೆಟ್ಟುಗಳು! ಇಬ್ಬರೂ ಹುಡುಗಿಯರ ಹಾಗೆ ಕಿಲಕಿಲ ನಗುತ್ತಾ ಓಡಿ ಬಸ್ಸು ಹಿಡಿದೆವು. ರಾಗಿ ಕೇರುತ್ತಿದ್ದವಳು ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ. ದಿನಾ ಮಜ್ಜಿಗೆ ಕೊಟ್ಟಳು.

ಪ್ರಬಂಧ ಅಚ್ಚಿಗೆ ಹೋಗುವ ಮುಂಚೆ ಮೇಡಂ ಅವರಿಂದ ಕಾರ್ಡು ಬಂತು. ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕಲೇ, ಬೇಡವಾದರೆ ಬೇಡ ಅನ್ನು ಎಂದು ಬರೆದಿದ್ದರು. ನನ್ನನ್ನು ಆವರೆಗೆ ಯಾರೂ, ಯಾವುದಕ್ಕೂ ಹಾಗೆ ಕೇಳಿರಲಿಲ್ಲ. ಕುಣಿದಾಡಿಬಿಟ್ಟೆ. ಕಾರ್ಡಿನ ತುಂಬ ಹೂಂ ಹೂಂ ಎಂದು ಬರೆದು ಅವತ್ತೇ ಡಬ್ಬಿಗೆ ಹಾಕಿದೆ.

ಮೇಡಂ ತೀರಿಕೊಂಡದ್ದು ನನಗೆ ತಿಳಿದದ್ದು ತಡವಾಗಿ. ಈಗ ಈ ಬರಹದ ಮೊದಲ ಸಾಲಿನಲ್ಲೇ ಅವರ ಹೆಸರು ದೊಡ್ಡದಾಗಿ ಬರೆಯಬೇಕೆಂದು ಬಹಳ ಆಸೆಯಾಯಿತು. ಹಾಕಲೇ ಮೇಡಂ ಎಂದು ಕೇಳಲು ಅವರಿಲ್ಲ. ಕೇಳದೆ ಹಾಕಲಾರೆ.