ಊಟ ಆಗೇತ್ರಿ

ಊರು ಬಿಟ್ಟು ಹೊರಡುವಾಗ ಬಡತನವನ್ನು ಮನೆಯೊಳಗೇ ಇಟ್ಟು ಬೀಗ ಹಾಕಿಕೊಂಡು ಹೋಗಬೇಕು ಎನ್ನುವುದು ನಮ್ಮವ್ವನ ನೇಮ. ತಲೆಗೆ ಎಣ್ಣೆ, ಮುಡಿಗೆ ಹೂವು, ಇದ್ದುದರಲ್ಲಿ ಹರಿಯದ ಸೀರೆ. ಯಾರಾದರೂ "ಊಟ ಆತೇನವ್ವಾ?" ಎಂದರೆ, ಮನೆಯಲ್ಲಿ ಒಲೆ ಹೊತ್ತಿರಲಿ ಬಿಡಲಿ, "ಊಟ ಆಗೇತ್ರಿ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಗುವವರು ನಗಲಿ. ಆ ಮಲ್ಲಿಗೆ ಇಲ್ಲದೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ.

ಎಪ್ಪತ್ತರ ದಶಕದ ಸಿರುಗುಪ್ಪ. ಅವ್ವ ಅಕ್ಕಿ ಗಿರಣಿಯ ಕಣದಲ್ಲಿ ಕುದಿಸಿದ ಭತ್ತ ಒಣಗಿಸುವ ಕೂಲಿಗೆ ಹೋಗುತ್ತಿದ್ದಳು. ಅಪ್ಪ ಅದೇ ಗಿರಣಿಯಲ್ಲಿ ಹಮಾಲಿ. ಕಾಲುವೆ ಬಂದ ಮೇಲೆ ಊರ ತುಂಬ ಭತ್ತವೇ ಭತ್ತ. ಕಣ್ಣಿಗೆ ಬಿದ್ದದ್ದೆಲ್ಲ ಹೊಟ್ಟೆಗೆ ಬೀಳಬೇಕೆಂದೇನಿಲ್ಲವಲ್ಲ. ಮೊಲೆ ಬಿಟ್ಟ ತಮ್ಮನಿಗೆ ಬೆಳಿಗ್ಗೆಯೂ ನುಚ್ಚಿನ ಗಂಜಿ, ಸಂಜೆಯೂ ನುಚ್ಚಿನ ಗಂಜಿ. ಅವನ ಮುಖ ಊದಿತು, ಕಾಲು ಊದಿತು. ಓಣಿಯವರು ಕೂಸು ಮೈದುಂಬಿದೆ, ದೃಷ್ಟಿ ತೆಗೆ ಎಂದರು. ಅವನು ಅಳುವುದನ್ನೂ ಬಿಟ್ಟು ಗೋಡೆಗೊರಗಿ ಸುಮ್ಮನೆ ಕೂರತೊಡಗಿದಾಗ ಅವ್ವನಿಗೆ ಹೆದರಿಕೆ ಹುಟ್ಟಿತು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದಳು. ಕೂಸನ್ನು ಹಿಡಿಯಲು ಕೈಗೊಬ್ಬಳು ಬೇಕೆಂದು ಶಾಲೆ ಬಿಡಿಸಿ ನನ್ನನ್ನೂ ಕರೆದುಕೊಂಡಳು.

ಮಕ್ಕಳ ವಾರ್ಡಿನಲ್ಲಿ ಕೂಸಿಗೆ ಹಾಲು, ಬ್ರೆಡ್ಡು ಕೊಡುತ್ತಿದ್ದರು. ಜೊತೆಗಿದ್ದ ತಾಯಿಗೆ ಏನೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ರೋಗಿ ಕೂಸು ಮಾತ್ರ. ಬಳ್ಳಾರಿಯವರೇ ಆದ ಬ್ರೂಸ್‌ಪೇಟೆ ಕಡೆಯ ತಾಯಂದಿರಿಗೆ ಮನೆಯಿಂದ ಊಟದ ಕ್ಯಾರಿಯರ್ ಬರುತ್ತಿತ್ತು. ನಮಗೆ ಸಿರುಗುಪ್ಪದಿಂದ ಯಾರು ತರಬೇಕು? ಕಟ್ಟಿಕೊಂಡು ಬಂದಿದ್ದ ರೊಟ್ಟಿ ಮುಗಿಯಿತು. ತಮ್ಮ ಬಿಟ್ಟ ಬ್ರೆಡ್ಡಿನ ಅಂಚು ನನಗೆ ಬಂತು. ಅವ್ವ ನಲ್ಲಿಯ ನೀರು ಕುಡಿದು ಕೂತಳು. ಕೊನೆಗೊಂದು ಬೆಳಿಗ್ಗೆ ಗಂಟು ಕಟ್ಟಿದಳು.

ಮಕ್ಕಳ ಡಾಕ್ಟರಮ್ಮ ಬಾಗಿಲಲ್ಲೇ ಅಡ್ಡ ನಿಂತರು. ಆಕೆಯ ದನಿ ದೊಡ್ಡದು, ಸಿಟ್ಟು ಇನ್ನೂ ದೊಡ್ಡದು.

"ಈಗ ಕರ್ಕೊಂಡು ಹೋದ್ರ ಕೂಸು ಉಳಿಯಂಗಿಲ್ಲವ್ವಾ. ಯಾಕ ಹೊಂಟಿ?"

"ಮನ್ಯಾಗ ಕೆಲಸ ಐತ್ರಿ."

"ಊಟ ಮಾಡೀಯೇನು?"

"ಊಟ ಆಗೇತ್ರಿ."

"ಇಲ್ರಿ, ನಿನ್ನಿಯಿಂದ ಉಂಡಿಲ್ರಿ," ಎಂದುಬಿಟ್ಟೆ ನಾನು. ಅವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದ ನೋವು ಸಂಜೆಯವರೆಗೂ ಇತ್ತು.

ಡಾಕ್ಟರಮ್ಮನ ಸಿಟ್ಟು ಇಳಿದುಹೋಯಿತು. ಆಕೆ ಮತ್ತು ಸುತ್ತಲಿನ ಜಿಲ್ಲೆಗಳ ಮಕ್ಕಳ ಡಾಕ್ಟರರು ಸೇರಿ, ವಾರ್ಡಿನಲ್ಲಿರುವ ತಾಯಂದಿರಿಗೂ ಊಟ ಕೊಡಬೇಕೆಂದು ಸರ್ಕಾರವನ್ನು ಕೇಳುತ್ತಲೇ ಇದ್ದರಂತೆ. ಹಸಿದ ತಾಯಿ ಕೂಸನ್ನು ಅರ್ಧಕ್ಕೆ ಎತ್ತಿಕೊಂಡು ಹೋಗುತ್ತಾಳೆ, ಹೋದ ಕೂಸು ತಿರುಗಿ ಬರುವುದಿಲ್ಲ ಎಂಬುದು ಅವರ ವಾದ. ಅದನ್ನು ವಿಚಾರಿಸಲು ಮುಂದಿನ ಸೋಮವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಎಷ್ಟು ಹೇಳಿದರೂ ಅವ್ವ ಗಂಟು ಕೆಳಗಿಡದಿದ್ದಾಗ ಡಾಕ್ಟರಮ್ಮ ದಾರಿ ಬಿಟ್ಟರು.

"ಅವತ್ತು ಕೂಸನ್ನ ಕರ್ಕೊಂಡು ಬಾ ತಾಯಿ. ಅವರು ಕಣ್ಣಿಲೆ ನೋಡಲಿ. ಆಮ್ಯಾಲೆ ನಾನೇ ಅವನ್ನ ಇಲ್ಲಿ ಇಟ್ಕೊಂತೀನಿ. ಹೆಂಗದಾನೋ ಹಂಗ ಕರ್ಕೊಂಡು ಬಾ."

ಅವ್ವ ತಲೆಯಾಡಿಸಿದಳು. ಬಸ್ಸು ಹತ್ತಿದ ಮೇಲೆ ನನಗೆ ಹೇಳಿದಳು: "ಹೆಂಗದಾನೋ ಹಂಗ ಅಂದ್ರ ಹಂಗ ಹೋಗಾಕ ಆಕ್ಕೈತೇನು, ದೊಡ್ಡೋರ ಮುಂದ?"

ಆ ಸೋಮವಾರ ತಮ್ಮನ ಮದುವೆಯೇನೋ ಅನ್ನಬೇಕು. ಎಣ್ಣೆ ಹಚ್ಚಿ ಎರೆದಳು. ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ದೃಷ್ಟಿಬೊಟ್ಟು. ಕುರುಗೋಡಿನ ತವರಿನಿಂದ ಬಂದಿದ್ದ ಜರಿಯಂಚಿನ ಕುಂಚಿಗೆ ತಲೆಗೆ ಕಟ್ಟಿದಳು. ಉದುರಿ ಕೆಂಚಗಾಗಿದ್ದ ಕೂದಲು ಅದರೊಳಗೆ ಅಡಗಿತು. ಗಿರಣಿ ಗುಮಾಸ್ತರ ಹೆಂಡತಿಯ ಕಾಲುಹಿಡಿದು ಅವರ ಮಗನ ಬೆಳ್ಳಿ ಉಡಿದಾರ ಕೇಳಿ ತಂದಳು. ಊದಿದ ಕೆನ್ನೆಯ ಆ ಕೂಸು ಸಾಹುಕಾರರ ಮನೆಯದರ ಹಾಗೆ ಕಾಣುತ್ತಿತ್ತು. ಅವ್ವನ ಮುಖದಲ್ಲಿ ಗೆಲುವು. ಬೆಂಗಳೂರಿನ ಸಾಹೇಬರು ಬೇಕೆಂದು ಕರೆಸಿ ನೋಡುವ ಕೂಸು ನಮ್ಮ ಓಣಿಯಲ್ಲಿ ಬೇರೆ ಯಾವುದಿತ್ತು?

ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಸಾಹೇಬರು, ಅವರ ಜೊತೆಯವರು, ಗೋಡೆಯುದ್ದಕ್ಕೂ ಡಾಕ್ಟರರು. ಡಾಕ್ಟರಮ್ಮ ಉತ್ಸಾಹದಿಂದ ನಮ್ಮನ್ನು ಒಳಗೆ ಕರೆದವರು ತಮ್ಮನನ್ನು ನೋಡಿ ನಿಂತಲ್ಲೇ ನಿಂತರು.

"ಇವನೇನ್ರೀ ನೀವು ಹೇಳಿದ ಮಗು?" ಎಂದರು ಸಾಹೇಬರು. "ಗುಂಡುಗುಂಡಾಗಿದಾನಲ್ಲ! ಸೊಂಟಕ್ಕೆ ಬೆಳ್ಳಿ ಬೇರೆ."

ಎಲ್ಲರೂ ನಕ್ಕರು. ಮೆಚ್ಚಿಕೊಂಡರೆಂದು ಅವ್ವನೂ ನಕ್ಕಳು. ಆ ನಗು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಡಾಕ್ಟರಮ್ಮ ನಗಲಿಲ್ಲ. ತಮ್ಮನನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರು. ಅವನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಬೆರಳು ತೆಗೆದರು. ನಾದಿದ ಹಿಟ್ಟಿನಲ್ಲಿ ಉಳಿಯುವ ಹಾಗೆ ಕುಳಿ ಉಳಿಯಿತು. "ಇದು ಮೈ ಅಲ್ಲ ಸಾರ್, ನೀರು," ಎಂದರು. ಆಮೇಲೆ ಕುಂಚಿಗೆ ಬಿಚ್ಚಿದರು. ಅಂಗಿ ಬಿಚ್ಚಿದರು. ಉಡಿದಾರ ಬಿಚ್ಚಿ ಪಕ್ಕಕ್ಕಿಟ್ಟರು. ಒಂದೊಂದು ಬಿಚ್ಚಿದಾಗಲೂ ಅವ್ವ ಒಂದೊಂದು ಹೆಜ್ಜೆ ಹಿಂದೆ ಸರಿದಳು. ಎಣಿಸಬಹುದಾದ ಪಕ್ಕೆಲುಬು, ಮಡಕೆ ಹೊಟ್ಟೆ. ಬೆಳಿಗ್ಗೆಯಿಂದ ಅವಳು ಮುಚ್ಚಿಟ್ಟಿದ್ದೆಲ್ಲ ಅಷ್ಟು ಜನ ಗಂಡಸರ ಮುಂದೆ ಮೇಜಿನ ಮೇಲೆ ಕೂತಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ನಾವಿಬ್ಬರೂ ಒಳಗೆ ಹೋಗುತ್ತಿದ್ದೆವು.

ಸಾಹೇಬರ ನಗು ನಿಂತಿತ್ತು. ಅವರು ಮೆತ್ತಗೆ ಅವ್ವನನ್ನು ಕೇಳಿದರು: "ಏನಮ್ಮಾ, ಆಸ್ಪತ್ರೆಯಲ್ಲಿ ನಿನಗೆ ಊಟಕ್ಕೆ ತೊಂದರೆಯಾಯಿತಾ?"

ಅದೊಂದು ಮಾತಿಗಾಗಿ ಅಲ್ಲವೇ ನಮ್ಮನ್ನು ಕರೆಸಿದ್ದು? ಹೌದು ಅಂದಿದ್ದರೆ ಮುಗಿದಿತ್ತು.

"ಇಲ್ರಿ," ಎಂದಳು ಅವ್ವ, ನೆಲ ನೋಡುತ್ತ. "ಎರಡ್ಹೊತ್ತು ಹೊಟ್ಟಿ ತುಂಬ ಉಣತಿದ್ದೆ. ಇವತ್ತೂ ಹೋಳಿಗಿ ಉಂಡು ಬಂದೀನ್ರಿ."

ಸಾಹೇಬರು ಡಾಕ್ಟರಮ್ಮನ ಕಡೆ ನೋಡಿದರು. ಜೊತೆಯವರೊಬ್ಬರು ಕೆಮ್ಮಿದರು. ನಾನು ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಚಿವುಟುತ್ತಾಳೆಂದು ಹೆದರಿ ಅಲ್ಲ. ಅವ್ವನ ಮೈಮೇಲೆ ಉಳಿದಿದ್ದ ಬಟ್ಟೆ ಆ ಹೋಳಿಗೆ ಒಂದೇ ಎಂದು ನನಗೆ ಅನ್ನಿಸಿತ್ತು.

ಡಾಕ್ಟರಮ್ಮ ತಮ್ಮನಿಗೆ ಅಂಗಿ ತೊಡಿಸುತ್ತ ಹೇಳಿದರು: "ಈಕಿ ಸಾಯೋತನಕ ನಿಮ್ಮ ಮುಂದ ಹಸಿವಾಗೇತಿ ಅನ್ನಂಗಿಲ್ಲ ಸಾರ್. ಅದಕ್ಕ ತಾಯಂದಿರು ಕೇಳದಿದ್ರೂ ಕೊಡ್ರಿ ಅಂತ ನಾವು ಕೇಳಾಕತ್ತೀವಿ. ಇನ್ನೊಮ್ಮೆ ನಾನು ಯಾರ ಕೂಸನ್ನೂ ಹಿಂಗ ಬಿಚ್ಚಿ ತೋರಸಂಗಿಲ್ಲ. ನನಗ ನಾಚಿಗ್ಗೇಡು ಅನಸಾಕತ್ತೈತಿ."

ಸಾಹೇಬರು ನೋಡೋಣ ಎಂದು ಎದ್ದರು. ಡಾಕ್ಟರಮ್ಮ ನಮ್ಮ ಹಿಂದೆಯೇ ಮೆಟ್ಟಿಲವರೆಗೆ ಬಂದು, ಇಲ್ಲೇ ಇರು, ನಮ್ಮ ಮನೆಯಿಂದ ಊಟ ಕಳಿಸುತ್ತೇನೆ ಎಂದು ಕೈ ಹಿಡಿದರು. "ಊಟ ಆಗೇತ್ರಿ," ಎಂದು ಅವ್ವ ಕೈ ಬಿಡಿಸಿಕೊಂಡಳು.

ಸಿರುಗುಪ್ಪಕ್ಕೆ ಹೋಗಲು ಅವಳಿಗೆ ಮುಖವಿರಲಿಲ್ಲ. ಹೋದರೆ ಸಾಹೇಬರು ಏನಂದರು ಎಂದು ಓಣಿಯೆಲ್ಲ ಕೇಳುತ್ತಿತ್ತು. ಉಡಿದಾರವನ್ನು ಊರಿನ ಕಡೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿ ಕುರುಗೋಡಿನ ಬಸ್ಸು ಹತ್ತಿದಳು. ಅಲ್ಲಿ ಅಜ್ಜಿ ಶೇಂಗಾ ಅರೆದು, ಬೇಳೆ ಕಟ್ಟು ಕುಡಿಸಿ ತಮ್ಮನ ಜೀವ ಹಿಡಿದಳು. ಆದರೆ ಮಳೆಗಾಲಕ್ಕೆ ಭೇದಿ ಶುರುವಾಯಿತು. ಅವನು ಮತ್ತೆ ಗೋಡೆಗೊರಗಿ ಕೂತ. ಬಳ್ಳಾರಿಗೆ ಒಯ್ಯಿ ಎಂದರೆ ಅವ್ವ ಒಲ್ಲೆ ಅನ್ನುತ್ತಿದ್ದಳು.

"ಮಾನ ಮಾನ ಅಂತ ಕೂಸನ್ನ ಮಣ್ಣಿಗಿ ಕೊಡತೀಯೇನಲೇ?" ಎಂದು ಅಜ್ಜಿ ಬೈದು ಬಸ್ಸಿಗೆ ಹತ್ತಿಸಿದಳು.

ಅದೇ ವಾರ್ಡು. ಡಾಕ್ಟರಮ್ಮ ಹಳೆಯ ಮಾತು ಎತ್ತಲಿಲ್ಲ. ಕೂಸನ್ನು ನೋಡಿ ಔಷಧ ಹೇಳಿ ಮುಂದಿನ ಮಂಚಕ್ಕೆ ಹೋದರು. ಮಧ್ಯಾಹ್ನ ಆಯಾ ತಳ್ಳುಗಾಡಿ ತಂದಳು. ಒಬ್ಬೊಬ್ಬ ತಾಯಿಯ ಮುಂದೆಯೂ ಒಂದೊಂದು ತಟ್ಟೆ ಇಡುತ್ತ ಬಂದಳು. ಅನ್ನ, ಸಾರು, ಒಂದು ಪಲ್ಯ.

"ನಂದು ಊಟ ಆಗೇತ್ರಿ," ಎಂದಳು ಅವ್ವ.

"ಆಗಿದ್ರ ಆಗಲಿ. ಹೊಸಾ ಆರ್ಡರ್ ಬಂದೈತಿ, ಎಲ್ಲಾರ ಮುಂದೂ ಇಡಬೇಕು," ಎಂದು ಆಯಾ ತಟ್ಟೆ ಇಟ್ಟು, ತಿರುಗಿ ನೋಡದೆ ಮುಂದೆ ಹೋದಳು.

ಅವ್ವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನನ್ನು ಕರೆದು ಎರಡು ತುತ್ತು ನನ್ನ ಬಾಯಿಗಿಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಉಣ್ಣತೊಡಗಿದಳು. ಆಯಾ ಇನ್ನೊಮ್ಮೆ ಅನ್ನ ತಂದಾಗ ಬೇಡ ಅನ್ನಲಿಲ್ಲ. ಮತ್ತೊಮ್ಮೆ ತಂದಾಗಲೂ ಅನ್ನಲಿಲ್ಲ. ನಾನು ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ನಾಚಿಕೆಯಿಂದ ಮುಖ ತಿರುಗಿಸಿ ಕೂತೆ. ನಮ್ಮವ್ವ ಅಷ್ಟು ಉಣ್ಣುತ್ತಾಳೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.